ರಾವಸಾಬ ಮಿಸ್ತ್ರಿಯ ಜೆಟ್ ತಪ್ಪಿರಲಿಲ್ಲ

ಬೆಳಿಗ್ಗೆ ಫೋನ್ ಬಂತು.
"ರಾವಸಾಬಣ್ಣ ಹೋಗ್ಯಾನ್ರಿ..."
"ಯಾವ ರಾವಸಾಬ?" ಎಂದು ಕೇಳಿದೆ.

ನಮ್ಮ ಕಾಗವಾಡದಲ್ಲಿ ಆ ಹೆಸರಿನವರು ನಾಲ್ಕೈದು ಜನ. ಬೇರೆ ಯಾರೋ ಆಗಿರಲಿ ಅಂತಲೇ ಕೇಳಿದ್ದು. ಕೆಟ್ಟ ಆಸೆ, ಗೊತ್ತು.
"ಗ್ಯಾರೇಜ್ ರಾವಸಾಬ್ರಿ... ಮಿಸ್ತ್ರಿ."

ಎದೆನೋವಂತೆ. ಚಹಾ ಕುಡಿದು ಕಪ್ ಕೆಳಗಿಟ್ಟವರು ಹಾಗೇ ಗೋಡೆಗೆ ಒರಗಿದರಂತೆ.
ಮೊನ್ನೆ ಸಂಜೆಯಷ್ಟೇ ನೋಡಿದ್ದೆ. "ಬಾರೋ, ಚಹಾ ಕುಡದ ಹೋಗು" ಎಂದು ಕರೆದರು. ಗಡಿಬಿಡಿ ಇದೆ ಎಂದು ಹೊರಟುಬಿಟ್ಟೆ.
ಯಾವ ಗಡಿಬಿಡಿಯೂ ಇರಲಿಲ್ಲ...

ಈ ಬೈಕ್ ಗ್ರೂಪಿನಲ್ಲಿ ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಯವರೂ ಇದ್ದೀರಿ. ಎಲ್ಲರಿಗೂ ಅವರ ಮುಖಪರಿಚಯ ಇರಲಿಕ್ಕಿಲ್ಲ. ಆದರೆ ಒಂದು ಮಾತು ಬಹಳ ಜನರ ಕಿವಿಗೆ ಬಿದ್ದಿದೆ. ರಾವಸಾಬ ಮಿಸ್ತ್ರಿ ಜೆಟ್ ಹಾಕಿದರೆ ಇಂಜಿನ್ ಜಾಮ್ ಆಗುತ್ತದೆ, ಅಂತ.
ಆ ಮಾತಿನ ಬಗ್ಗೆ ಹೇಳಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವರ್ಷ ಕಬ್ಬಿನ ಸೀಸನ್ ಶುರುವಾದಾಗ ನನ್ನ ಹಳೆ ಬೈಕಿಗೆ ಮಿರಜಿನಿಂದ ದೊಡ್ಡ ಸದ್ದಿನ ಸೈಲೆನ್ಸರ್ ತಂದು ಹಾಕಿಸಿದೆ. ಫಿಲ್ಟರ್ ಡಬ್ಬಿ ಕಿತ್ತು ಬಯಲು ಫಿಲ್ಟರ್ ಕೂರಿಸಿದೆ. ಸದ್ದು ಭರ್ಜರಿ ಬಂತು. ಗಾಡಿಗೆ ಮಾತ್ರ ಎಳೆತವೇ ಇಲ್ಲ... ಆಕ್ಸಿಲರೇಟರ್ ಬಿಟ್ಟರೆ ಪಟಪಟ ಪಟಾಕಿ. ಇಂಜಿನ್ ಕಾದ ಹಂಚು.

ರಾವಸಾಬಣ್ಣ ಒಂದು ಸುತ್ತು ಓಡಿಸಿ ಬಂದು ನಕ್ಕರು.
"ಗಾಳಿ ಹೆಚ್ಚ ಬರಾಕತ್ತೈತಿ, ಪೆಟ್ರೋಲ್ ಮೊದಲಿನಷ್ಟ ಐತಿ. ಇಂಜಿನ್ ಉಪವಾಸ ದುಡ್ಯಾಕತ್ತೈತಲೇ!"

ಕಾರ್ಬೊರೇಟರಿನೊಳಗೆ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ಹಿತ್ತಾಳೆ ತುಂಡು ಜೆಟ್. ಕೆಲವರು ಅದರ ತೂತಿಗೆ ತಂತಿ ಹಾಕಿ ತಿರುವಿ ದೊಡ್ಡದು ಮಾಡಿ ಕೊಡುತ್ತಾರೆ. ರಾವಸಾಬಣ್ಣನಿಗೆ ಅದು ಸೇರುತ್ತಿರಲಿಲ್ಲ. ಒಂದೊಂದೇ ನಂಬರ್ ಏರಿಸಿ ದೊಡ್ಡ ತೂತಿನ ಜೆಟ್ ಹಾಕುವುದು, ಶಿರಗುಪ್ಪಿ ರೋಡಿನಲ್ಲಿ ಫುಲ್ ಓಡಿಸಿ ಒಮ್ಮೆಗೇ ಬಂದ್ ಮಾಡುವುದು, ಅಲ್ಲೇ ಪ್ಲಗ್ ಬಿಚ್ಚಿ ನೋಡುವುದು. ಬೆಳ್ಳಗಿದ್ದರೆ ಪೆಟ್ರೋಲ್ ಸಾಲದು, ಕಪ್ಪಗಿದ್ದರೆ ಜಾಸ್ತಿ. ಬೆಲ್ಲದ ಬಣ್ಣ ಬರುವತನಕ ಬಿಡುತ್ತಿರಲಿಲ್ಲ.

ಈಗ ನನ್ನ ಪ್ರತಾಪ ಕೇಳಿ.

ಸಕ್ಕರೆ ಕಾರ್ಖಾನೆಯ ಕಬ್ಬು ವಿಭಾಗದಲ್ಲಿ ನನ್ನ ಕೆಲಸ. ದಿನವಿಡೀ ಹೊಲಗಳಲ್ಲಿ ತಿರುಗಾಟ. ಕಬ್ಬಿನ ರವದಿ, ಅಂದರೆ ಒಣಗಿದ ಎಲೆ, ಸುಟ್ಟ ಬೂದಿ ಫಿಲ್ಟರಿಗೆ ಹೊಕ್ಕೀತೆಂದು ಮನೆಯವಳ ಹಳೆ ಸೀರೆಯ ತುಂಡು ಎರಡು ಮಡಿಕೆ ಮಾಡಿ ಸುತ್ತಿ ಕಟ್ಟಿದ್ದೆ. ನಮ್ಮ ಕಡೆ ಸೀಸನ್‌ನಲ್ಲಿ ಬಹಳ ಜನ ಕಟ್ಟುತ್ತಾರೆ.

ರಾವಸಾಬಣ್ಣ ಅದನ್ನು ಮುಟ್ಟಿ ನೋಡಿ ಕೇಳಿದ್ದರು...
"ಈ ಅರಿವಿ ಕಾಯಂ ಇರ್ತೈತೇನೋ? ಇದು ಗಾಳಿ ತಡಿತೈತಿ. ಇದ್ರ ಲೆಕ್ಕದ ಮ್ಯಾಲೆ ನಾ ಜೆಟ್ ಹಾಕಾಂವ. ತೆಗ್ಯಾಂವ ಇದ್ರ ಈಗ ಹೇಳು."
"ಕಾಯಂ ಇರ್ತೈತಿ ಅಣ್ಣಾ" ಎಂದೆ.

ಮೂರು ಜೆಟ್ ಬದಲಿಸಿದರು. ಪ್ಲಗ್ ಬೆಲ್ಲದ ಬಣ್ಣಕ್ಕೆ ಬಂತು. ಸೀಸನ್ ಪೂರ್ತಿ ಗಾಡಿ ಕುದುರೆಯ ಹಾಗೆ ಓಡಿತು.

ಸೀಸನ್ ಮುಗಿಯಿತು. ಬೂದಿಯೂ ಇಲ್ಲ. ಗಾಡಿ ತೊಳೆಯುವಾಗ ಆ ಬಟ್ಟೆ ಬಿಚ್ಚಿ ಬಿಸಾಕಿದೆ.
ನಾಲ್ಕನೇ ದಿನ, ಬಿರುಬಿಸಿಲಲ್ಲಿ, ಅಥಣಿ ದಾರಿಯಲ್ಲಿ ಇಂಜಿನ್ ಜಾಮ್.

ರಸ್ತೆ ಬದಿಯಲ್ಲೇ ನಿಂತು ಇದೇ ಗ್ರೂಪಿನಲ್ಲಿ ಬರೆದೆ. "ರಾವಸಾಬ ಮಿಸ್ತ್ರಿ ಕೈಗೆ ಗಾಡಿ ಕೊಡಬೇಡಿ. ಜೆಟ್ ಕೆಲಸ ಬರುವುದಿಲ್ಲ." ನೀವೆಲ್ಲ ಫಾರ್ವರ್ಡ್ ಮಾಡಿದಿರಿ.

ಮರುದಿನ ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಜಗಳಕ್ಕೇ ಹೋದೆ. ಅವರು ಫಿಲ್ಟರ್ ಕಡೆ ನೋಡಿದರು. ನನ್ನ ಕಡೆ ನೋಡಿದರು.
"ಅರಿವಿ ಎಲ್ಲಿ ಹೋತು?"
ಅಷ್ಟೇ ಕೇಳಿದ್ದು. ಬಟ್ಟೆ ತೆಗೆದದ್ದಕ್ಕೆ ಗಾಳಿ ಹೆಚ್ಚಾಗಿ, ಪೆಟ್ರೋಲ್ ಸಾಲದೆ ಇಂಜಿನ್ ಕಾದು ಜಾಮ್ ಆಗಿತ್ತೆಂದು ನನಗೆ ಆಗ ಹೊಳೆಯಿತು.

ಅಣ್ಣಾ... ಅಂದು ನೀವು ನಾಲ್ಕು ಜನರ ಮುಂದೆ ನನ್ನನ್ನು ಬೈಯಬೇಕಿತ್ತು. ಬೈದಿದ್ದರೆ ಜಗಳವಾಡಿಯಾದರೂ ನಿಜ ಹೊರಗೆ ಬರುತ್ತಿತ್ತು. ನೀವು ಇಂಜಿನ್ ಬಿಚ್ಚಿ ಕೂತಿರಿ. ಹೊಸ ಪಿಸ್ಟನ್ ಹಾಕಿದಿರಿ, ಬಟ್ಟೆ ಇಲ್ಲದ ಲೆಕ್ಕಕ್ಕೆ ಮತ್ತೆ ಜೆಟ್ ಹಾಕಿದಿರಿ. ಪೋಸ್ಟ್ ಓದಿದ್ದೀರಾ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಓದಿದ್ದಿರಿ, ಖಂಡಿತ. ಆಮೇಲೆ ನಿಮ್ಮಲ್ಲಿಗೆ ಬರುವ ಗಾಡಿಗಳು ಕಡಿಮೆಯಾದದ್ದು ನನಗೂ ಕಾಣುತ್ತಿತ್ತು. ಜಗಳಕ್ಕೆ ಬಂದ ದಿನದ ರಾತ್ರಿಯೇ ಆ ಪೋಸ್ಟನ್ನು ಸುಮ್ಮನೆ ಡಿಲೀಟ್ ಮಾಡಿದ್ದೆ. ತಪ್ಪು ನನ್ನದೆಂದು ಒಂದು ಸಾಲು ಬರೆಯಲಿಲ್ಲ. ಮಾನ ಹೋದೀತೆಂದು. ಹೋದದ್ದು ನಿಮ್ಮ ಮಾನ...

ಇವತ್ತು ಮಧ್ಯಾಹ್ನ ಮಣ್ಣಿಗೆ ಹೋಗಿದ್ದೆ.
ಪಕ್ಕದಲ್ಲಿದ್ದ ಒಬ್ಬರು ಮೆಲ್ಲಗೆ ಹೇಳಿದರು. "ಮನಶಾ ಬಂಗಾರದಂಥಾಂವ. ಆದ್ರ ಜೆಟ್ ಕೆಲಸ ಅಷ್ಟ ಬರ್ತಿರಲಿಲ್ಲ ಬಿಡ್ರಿ."
ಎರಡು ಮಾರು ದೂರದಲ್ಲಿ ಅವರ ಮಗ ಪ್ರಕಾಶ ನಿಂತಿದ್ದ. ಅಪ್ಪನ ಜೊತೆ ಹತ್ತು ವರ್ಷ ಕೆಲಸ ಮಾಡಿದವನು, ಇನ್ನು ಗ್ಯಾರೇಜ್ ನಡೆಸುವವನು. ಅವನಿಗೆ ಕೇಳಿಸಿತು. ತಲೆ ತಗ್ಗಿಸಿದ.
ಅಲ್ಲೂ ನಾನು ಬಾಯಿ ಬಿಡಲಿಲ್ಲ. ನಾಚಿಕೆಯಾಗುತ್ತಿದೆ.

ಅದಕ್ಕೆ ಈಗ ಬರೆಯುತ್ತಿದ್ದೇನೆ. ತಪ್ಪು ನನ್ನದು. ರಾವಸಾಬಣ್ಣ ಹಾಕಿದ ಜೆಟ್ ಸರಿಯಾಗಿತ್ತು.
ಹಳೆಯದನ್ನು ಫಾರ್ವರ್ಡ್ ಮಾಡಿದವರು ದಯವಿಟ್ಟು ಇದನ್ನೂ ಮಾಡಿ. ಇದನ್ನು ನಾನು ಡಿಲೀಟ್ ಮಾಡುವುದಿಲ್ಲ.

ಪ್ರಕಾಶ, ನಾಳೆ ನಿನ್ನ ಮುಂದೆ ಬಂದು ಇದನ್ನೇ ಬಾಯಿಬಿಟ್ಟು ಹೇಳುತ್ತೇನೆ. ನಿನಗೆ ಬೈಯಬೇಕೆನಿಸಿದರೆ ಬೈದುಬಿಡು. ನಿಮ್ಮಪ್ಪ ಬೈಯಲಿಲ್ಲ.

ರಾವಸಾಬಣ್ಣ, ಹೋಗಿ ಬನ್ನಿ... ನಿಮ್ಮ ಜೀವಕ್ಕೆ ನೆಮ್ಮದಿ ಸಿಗಲಿ.