ಕೂಲರಿನ ಪಂಪು, ಪುದೀನದ ಬೇರು

ಅಫಜಲಪುರದ ಆ ಬೇಸಿಗೆಯಲ್ಲಿ ನನಗೆ ಮಣ್ಣಿಲ್ಲದೆ ಪುದೀನ ಬೆಳೆಸುವ ಹುಚ್ಚು. ಕೂಲರಿನ ಪಂಪು ಬಿಚ್ಚಿ ಬಕೇಟಿಗೆ ಇಳಿಸಿದ್ದೆ. ತೂತು ಕೊರೆದ ಪೈಪಿನಲ್ಲಿ ಸಸಿಗಳು. ನೀರು ಬೇರು ತೋಯಿಸಿ ಮತ್ತೆ ಬಕೇಟಿಗೇ ಬೀಳುತ್ತಿತ್ತು.

ಮಧ್ಯಾಹ್ನ ಮನೆ ಮಾಲಕಿ ಖಾಜಾಬಿ ಸಿಟ್ಟಿನಿಂದ ಬಂದರು. "ನಳ ಬಂದ್ ಮಾಡ್ರಿ ಸರ್. ಮುಂಜಾನಿಂದ ನೀರು ಹರಿಯಾಕತ್ತದ."

"ನಳ ಅಲ್ರಿ, ಅದೇ ಒಂದು ಬಕೇಟ್ ನೀರು ತಿರುಗಾಕತ್ತದ," ಎಂದೆ.

ನಂಬದೆ ಪೈಪಿನೊಳಗೆ ಇಣುಕಿದರು. ಬಿಳಿ ಬೇರುಗಳು ನೀರಿನಲ್ಲಿ ಮೆಲ್ಲಗೆ ಓಲಾಡುತ್ತಿದ್ದವು. "ಯಾರೋ ತಲಿ ಎರಕೊಂಡು ಕೂದಲ ಇಳಿಬಿಟ್ಟಂಗ ಅದ," ಎನ್ನುತ್ತ ಅಲ್ಲೇ ಕುಳಿತರು. ನೀರಿನ ಸದ್ದಿಗೆ ಇಬ್ಬರಿಗೂ ಜೊಂಪು ಹತ್ತಿತು. ಗೋಡೆಗೊರಗಿದ್ದ ನನಗೆ ಮನೆಯೇ ಭೀಮಾ ನದಿಯ ಮೇಲೆ ತೇಲುತ್ತಿರುವಂತಿತ್ತು.

ಅಷ್ಟರಲ್ಲಿ ಕರೆಂಟು ಹೋಗಿ ಸದ್ದು ನಿಂತಿತು. ಖಾಜಾಬಿ ಬೆಚ್ಚಿ ಎದ್ದು ನನ್ನನ್ನೇ ಗದರಿದರು: "ಯಾಕ್ರೀ ಬಂದ್ ಮಾಡಿದ್ರಿ?"

ಆಮೇಲೆ ಆ ಮನೆಯಲ್ಲಿ ಕರೆಂಟು ಹೋದಾಗಲೆಲ್ಲ ತಪ್ಪು ನನ್ನದೇ ಆಯಿತು.