ಮೂವತ್ತನಾಲ್ಕು ಈಚಲು ಗೂಟಗಳು

ಕೋವಿಡ್ ಕಳೆದ ಎರಡನೆಯ ಬೇಸಿಗೆಯಲ್ಲಿ ನಾನು ಮೊಳಕಾಲ್ಮುರು ತಾಲ್ಲೂಕಿನಲ್ಲಿ ಸರ್ಕಾರಿ ಭೂಮಾಪಕನಾಗಿದ್ದೆ. ಸೇವೆಗೆ ಸೇರಿ ಇಪ್ಪತ್ತೊಂಬತ್ತು ವರ್ಷಗಳಾಗಿದ್ದವು. ಅವುಗಳಲ್ಲಿ ಬಹುಪಾಲನ್ನು ಹಾವೇರಿ, ಗದಗದ ಕಡೆ ಕಳೆದಿದ್ದೆ. ಈ ತಾಲ್ಲೂಕಿಗೆ ಬಂದು ನಾಲ್ಕು ತಿಂಗಳಷ್ಟೇ ಆಗಿತ್ತು. ಹೊಸಬನಾದ್ದರಿಂದ ಗೊತ್ತಾಗಲಿಲ್ಲ ಎಂದು ಬರೆದುಕೊಡಿ, ಮುಗಿದುಹೋಗುತ್ತದೆ ಎಂದು ಮುಂದೆ ನನಗೆ ನೋಟಿಸ್ ಬಂದಾಗ ಸಹೋದ್ಯೋಗಿಗಳು ಸಲಹೆ ಕೊಟ್ಟರು. ನಾನು ಹಾಗೆ ಬರೆದುಕೊಡಲಿಲ್ಲ. ಗೊತ್ತುಮಾಡಿಕೊಳ್ಳುವುದಕ್ಕೆ ನಾಲ್ಕು ತಿಂಗಳು ಬೇಕಿರಲಿಲ್ಲ, ಒಂದು ಪ್ರಶ್ನೆ ಸಾಕಾಗಿತ್ತು.

ಕೊಂಡ್ಲಹಳ್ಳಿಯ ಆಚೆ, ಹೆದ್ದಾರಿಗೆ ತಾಗಿದಂತೆ ಒಂದು ಕೆರೆಯಿದೆ. ಇಲ್ಲಿ ಅದನ್ನು ಜೋಗನಕಟ್ಟೆ ಎಂದು ಕರೆಯುತ್ತೇನೆ. ಬೇಸಿಗೆಯಲ್ಲಿ ನೀರು ಏರಿಯ ಬುಡಕ್ಕೆ ಕುಗ್ಗುತ್ತದೆ. ನೀರು ಬಿಟ್ಟುಕೊಟ್ಟ ಮೇಲಂಚು ತಿಂಗಳುಗಟ್ಟಲೆ ತೇವ ಹಿಡಿದಿಟ್ಟುಕೊಂಡು, ಸುತ್ತಲ ನೆಲವೆಲ್ಲ ಸುಟ್ಟಂತಿರುವಾಗಲೂ ಹುಲ್ಲು ಕೊಡುತ್ತದೆ. ಕೆರೆ ಸಂರಕ್ಷಿತ ಜೌಗು ಪ್ರದೇಶಗಳ ಪಟ್ಟಿಯಲ್ಲಿತ್ತು. ಎಂದರೆ ಕೋಡಿ ಹರಿಯುವಾಗ ನೀರು ನಿಲ್ಲುವಷ್ಟು ಜಾಗದಲ್ಲಿ ಯಾರೂ ಏನನ್ನೂ ಕಟ್ಟುವಂತಿಲ್ಲ. ಹೊರಗಿನ ಒಂದು ಕಂಪನಿ ಆ ಮೇಲಂಚಿನ ಹನ್ನೊಂದು ಎಕರೆ ಆರು ಗುಂಟೆಯಲ್ಲಿ ಗೋದಾಮು, ಹೋಟೆಲ್, ಅಂಗಡಿ ಸಾಲು ಕಟ್ಟಲು ಹೊರಟಿತ್ತು. ಆ ಜಾಗ ಜೌಗಿನೊಳಗೆ ಬರುವುದೇ ಇಲ್ಲ, ಅದು ಒಣಭೂಮಿ, ಅಲ್ಲಿ ಯಾರೂ ದನ ಮೇಯಿಸುವುದಿಲ್ಲ ಎಂಬುದು ಅವರ ವಾದ. ಕುದಾಪುರದ ಕಡೆ ದೊಡ್ಡ ಸಂಸ್ಥೆಗಳು ಬಂದ ಮೇಲೆ ಹೆದ್ದಾರಿ ಬದಿಯ ನೆಲಕ್ಕೆ ಇಂಥ ಅರ್ಜಿಗಳು ಹೆಚ್ಚಿದ್ದವು.

ಕೆರೆಯಿಂದ ಅರ್ಧ ಮೈಲಿ ದೂರದಲ್ಲಿ ಪಶುಪಾಲಕರಾದ ಮ್ಯಾಸ ನಾಯಕರ ಹಟ್ಟಿ. ಅವರಲ್ಲಿ ದೇವರ ಎತ್ತುಗಳೆಂಬ ಹಿಂಡು ಇರುತ್ತದೆ. ದೇವರಿಗೆ ಬಿಟ್ಟ ಈ ದನಗಳಿಗೆ ನೊಗ ಹೂಡುವುದಿಲ್ಲ, ಹಾಲು ಮಾರುವುದಿಲ್ಲ. ಅವನ್ನು ಕಾಯುವವನು ಕಿಲಾರಿ. ಆತ ಬರಿಗಾಲಲ್ಲೇ ತಿರುಗಬೇಕು. ಈ ಹಟ್ಟಿಯ ಕಿಲಾರಿ ಓಬಯ್ಯ, ಅರವತ್ತು ದಾಟಿದ ಸಣಕಲು ಮನುಷ್ಯ. ಮೊದಲು ಮೇಯುತ್ತಿದ್ದ ವರವು ಕಾವಲ್ ಎಂಬ ಹುಲ್ಲುಗಾವಲಿನ ಸುತ್ತ ಆ ಸಂಸ್ಥೆಗಳು ಗೋಡೆ ಕಟ್ಟಿದ ಮೇಲೆ ಆ ಹಿಂಡಿಗೆ ಬೇಸಿಗೆಯಲ್ಲಿ ಹತ್ತಿರದಲ್ಲಿ ಉಳಿದಿದ್ದ ಹುಲ್ಲು ಮತ್ತು ನೀರು ಜೋಗನಕಟ್ಟೆಯದು ಮಾತ್ರ. ಇದು ನನಗೆ ತಿಳಿದದ್ದು ತಡವಾಗಿ.

ನನಗೆ ಬಂದ ಆದೇಶ ಸರಳವಾಗಿತ್ತು. ಅರ್ಜಿಯ ನಕ್ಷೆಯಲ್ಲಿರುವ ಗೆರೆಯನ್ನು ನೆಲಕ್ಕೆ ಇಳಿಸಿ ಗುರುತು ನೆಡುವುದು, ಹದಿನೈದು ದಿನ ಬಿಟ್ಟು ಹೋಗಿ ನೋಡುವುದು, ಸ್ಥಳದಲ್ಲೇ ಮಹಜರು ಬರೆಯುವುದು. ಮಹಜರೆಂದರೆ ಸಾಕ್ಷಿಗಳ ಮುಂದೆ ಕಂಡದ್ದನ್ನು ಬರೆದು ಸಹಿ ಮಾಡುವ ಕಾಗದ. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅಳತೆಯ ಸರಪಳಿ ಹಿಡಿಯುವ ನನ್ನ ಚೈನ್‌ಮನ್ ತಿಪ್ಪೇಸ್ವಾಮಿಯೊಂದಿಗೆ ಹೋದೆ. ಆತ ಕೊಂಡ್ಲಹಳ್ಳಿಯವನೇ. ಕಂಪನಿಯ ಕಡೆಯಿಂದ ಚಳ್ಳಕೆರೆಯ ಏಜೆಂಟ್ ಮಂಜಣ್ಣ ಬಂದಿದ್ದ. ಗುರುತಿನ ಕಲ್ಲು ತರಬೇಕಾಗಿದ್ದ ಕಂಪನಿಯ ಟ್ರ್ಯಾಕ್ಟರ್ ಹತ್ತೂವರೆಯಾದರೂ ಬರಲಿಲ್ಲ, ದಾರಿಯಲ್ಲಿ ಕೆಟ್ಟಿದೆಯೆಂದು ಅವನೇ ಹೇಳಿದ.

"ಕಲ್ಲಿಗ್ಯಾಕೆ ಕಾಯ್ತೀರಿ ಸಾರ್," ಎಂದ ಮಂಜಣ್ಣ. "ಹಳ್ಳದಾಗೆ ಈಚ್ಲು ಬೇಕಾದಷ್ಟೈತೆ. ಕಡಿಸ್ತೀನಿ."

ಅವನ ಆಳುಗಳು ಎಳೆಯ ಈಚಲ ಕಾಂಡಗಳನ್ನು ಕಡಿದು, ಮೊನೆ ಮಾಡಿ, ತುದಿಗೆ ಕೆಂಪು ಬಣ್ಣ ಬಳಿದು ತಂದರು. ನಾನು ಉಪಕರಣ ನೋಡಿ ಜಾಗ ತೋರಿಸುತ್ತಾ ಹೋದೆ, ಅವರು ಬಡಿಯುತ್ತಾ ಬಂದರು. ಒಟ್ಟು ಮೂವತ್ತನಾಲ್ಕು ಗೂಟಗಳು. ಹಟ್ಟಿಯ ಕಡೆಯಿಂದ ನೀರಿಗೆ ಬರುವ ದಾರಿಯನ್ನು ಆ ಸಾಲು ಪೂರ್ತಿ ಅಡ್ಡಗಟ್ಟಿತ್ತು.

ಮಧ್ಯಾಹ್ನದ ಹೊತ್ತಿಗೆ ಓಬಯ್ಯ ಹಿಂಡಿನೊಂದಿಗೆ ಬಂದು ನೂರು ಹೆಜ್ಜೆ ಆಚೆಯೇ ನಿಂತ. ಅದನ್ನ ಯಾಕೆ ಇಲ್ಲಿ ನೆಟ್ಟಿರಿ ಎಂದು ಕೂಗಿ ಕೇಳಿದ. 'ಅದನ್ನ' ಎಂದರೆ ಗೆರೆ ಎಂದು ನಾನು ತಿಳಿದೆ. ತಕರಾರಿದ್ದರೆ ಆಫೀಸಿಗೆ ಬಂದು ಬರೆದುಕೊಡಿ, ಗೂಟ ಕಿತ್ತರೆ ಕೇಸಾಗುತ್ತದೆ ಎಂದೆ. ಎಲ್ಲ ಊರಲ್ಲೂ ಹೇಳುವ ಮಾತು ಅದು. ಆತ ಜೊತೆಗಿದ್ದವರಿಗೆ ತೆಲುಗಿನಲ್ಲಿ ಏನೋ ಹೇಳಿ ದನಗಳನ್ನು ಹಿಂದಕ್ಕೆ ತಿರುಗಿಸಿದ. ಮಂಜಣ್ಣ ನಕ್ಕ. "ಹೋತು ನೋಡ್ರಿ. ಪಾಪ, ಒಳ್ಳೆ ಜನ."

ನಮ್ಮ ವೃತ್ತಿಯಲ್ಲಿ ಯಾವ ಪುಸ್ತಕದಲ್ಲೂ ಇಲ್ಲದ ಒಂದು ಲೆಕ್ಕಾಚಾರವಿದೆ. ಒಪ್ಪದ ಊರು ಗೂಟ ಉಳಿಸುವುದಿಲ್ಲ. ಕೇಸಿನ ಬೆದರಿಕೆ ಹಾಕಿದರೂ ಎರಡು ದಿನದಲ್ಲಿ ಗೂಟಗಳು ಯಾರದೋ ಒಲೆ ಸೇರಿರುತ್ತವೆ. ನಾವು ಅದನ್ನು ಬೈಯುತ್ತಲೇ ತಕರಾರು ಎಂದು ಬರೆದುಕೊಳ್ಳುತ್ತೇವೆ. ಗೂಟ ನಿಂತಿದ್ದರೆ ಊರು ಒಪ್ಪಿದೆ ಎಂದು ಅರ್ಥ. ಇಪ್ಪತ್ತೊಂಬತ್ತು ವರ್ಷ ಈ ಲೆಕ್ಕ ನನಗೆ ತಪ್ಪಿರಲಿಲ್ಲ.

ಹದಿನೈದು ದಿನದ ನಂತರ ಹೋದಾಗ ಮೂವತ್ತನಾಲ್ಕೂ ನೆಟ್ಟ ಹಾಗೇ ಇದ್ದವು. ಸಾಲಿನ ಕೆಳಗೆ ಒಂದು ಹೊಸ ಗೊರಸಿನ ಗುರುತೂ ಇರಲಿಲ್ಲ. ಹುಲ್ಲು ಕಚ್ಚಿಸಿಕೊಳ್ಳದೆ ಬೆಳೆದಿತ್ತು. ನಾನು ಬರೆದೆ: "ಗೂಟಗಳು ಸ್ವಸ್ಥಾನದಲ್ಲಿರುವುದು ಕಂಡುಬಂದಿದ್ದು, ಸ್ಥಳೀಯರು ಸದರಿ ಜಾಗವನ್ನು ಮೇವಿಗಾಗಲಿ ನೀರಿಗಾಗಲಿ ಬಳಸುತ್ತಿಲ್ಲ, ಆಕ್ಷೇಪಣೆ ಇರುವುದಿಲ್ಲ." ಮಂಜಣ್ಣ ಕರೆತಂದ ಇಬ್ಬರು ಸಾಕ್ಷಿ ಹಾಕಿದರು. ಸಹಿ ಮಾಡಿ ದಿನಾಂಕ ಹಾಕಿದೆ.

ಏಪ್ರಿಲ್‌ನಲ್ಲಿ ಚಳ್ಳಕೆರೆಯಲ್ಲಿ ವಿಚಾರಣೆ. ಹಟ್ಟಿಯಿಂದ ನಲವತ್ತರಷ್ಟು ಜನ ಬಂದಿದ್ದರು. ಒಳಗೆ ಜಾಗವಿದ್ದರೂ ಹೆಚ್ಚಿನವರು ಬಾಗಿಲಲ್ಲೇ ನಿಂತಿದ್ದರು. ನಾನು ದಾಟುವಾಗ ಒಬ್ಬ ಹೆಂಗಸು ಸೆರಗು ಸರಿಸಿಕೊಂಡು ನೆಲಕ್ಕೆ ಉಗುಳಿದಳು. ಕಂಪನಿಯ ವಕೀಲರು ನನ್ನ ಮಹಜರನ್ನು ಗಟ್ಟಿಯಾಗಿ ಓದಿ, ಹದಿನೈದು ದಿನ ಇವರು ಒಂದು ಗೂಟವನ್ನೂ ಮುಟ್ಟಿಲ್ಲ, ಈಗ ಎಲ್ಲಿಂದ ಬಂತು ತಕರಾರು ಎಂದು ಕೇಳಿದರು. ವಿಚಾರಣಾಧಿಕಾರಿ ಓಬಯ್ಯನ ಕಡೆ ನೋಡಿದರು.

"ಈಚ್ಲ ನಮ್ ಕುಲದೋರು ಮುಟ್ಟಂಗಿಲ್ಲ ಸಾಮಿ," ಎಂದ ಓಬಯ್ಯ. "ನಮ್ಮ ಮನ್ಯಾಗೆ ಅದ್ರ ಪೊರಕೆ ಇಲ್ಲ, ಚಾಪೆ ಇಲ್ಲ. ದೇವ್ರ ದನಾನ ಅದ್ರ ನಡುವೆ ಹೆಂಗೆ ನುಗ್ಸಾನ?"

ವಕೀಲರು ನಕ್ಕರು. "ಕೀಳೋಕೆ ಬೇರೆ ಜಾತಿಯವರು ಒಬ್ರೂ ಸಿಗ್ಲಿಲ್ವೇನಯ್ಯ?"

ಓಬಯ್ಯ ನನ್ನ ಕಡೆ ಕೈ ಮಾಡಿದ. "ಈ ಸಾಹೇಬ್ರು ಕಿತ್ರೆ ಕೇಸು ಅಂದ್ರು. ನಮ್ ಸಲುವಾಗಿ ಇನ್ನೊಬ್ಬನ್ನ ಜೈಲಿಗೆ ಕಳ್ಸಾನ? ಎರಡು ಸಲ ಆಫೀಸಿಗೆ ಬಂದೆ. ಸಾಹೇಬ್ರು ಅಳತೆಗೆ ಹೋಗ್ಯಾರೆ ಅಂದ್ರು." ವಿಚಾರಣಾಧಿಕಾರಿಯ ಕಡೆ ತಿರುಗಿ ಹೇಳಿದ. "ಬೇರೆ ಕಡೆ ನೀರಿಗೆ ಹೆದ್ದಾರಿ ದಾಟ್ಸಿ ಹೊಡ್ಕಂಡು ಹೋಗ್ತಿದ್ವಿ. ಮುಂದಾಳು ಹೋರಿ ಲಾರಿಗೆ ಸಿಕ್ಕಿ ಹೋತು."

ನಾನು ಹಿಂದೆ ಕುಳಿತಿದ್ದ ತಿಪ್ಪೇಸ್ವಾಮಿಯ ಕಡೆ ತಿರುಗಿದೆ. ನಿನಗೆ ಗೊತ್ತಿತ್ತಾ ಎಂದು ಕೇಳಿದೆ. ಈ ಕಡೆಯವರಿಗೆಲ್ಲ ಗೊತ್ತು ಎಂದ. ಮತ್ತೆ ಯಾಕೆ ಹೇಳಲಿಲ್ಲ ಎಂದರೆ, ತಲೆ ತಗ್ಗಿಸಿ, "ನೀವು ಕೇಳ್ಲಿಲ್ಲ ಸಾರ್" ಎಂದ. ಎಲ್ಲರಿಗೂ ಗೊತ್ತಿದ್ದರೆ ಮಂಜಣ್ಣನಿಗೂ ಗೊತ್ತಿರಬೇಕು. ಟ್ರ್ಯಾಕ್ಟರ್ ನಿಜವಾಗಿ ಕೆಟ್ಟಿತ್ತೋ, ಕಲ್ಲನ್ನು ತರಿಸಲೇ ಇಲ್ಲವೋ, ನಾನು ಪ್ರಮಾಣ ಮಾಡಿ ಹೇಳಲಾರೆ. ನೋಡಿಲ್ಲ. ಅವನು ಆ ದಿನ ನಕ್ಕದ್ದನ್ನು ನೋಡಿದ್ದೇನೆ.

ಎದ್ದು ನಿಂತೆ. ನನ್ನ ಮಹಜರಿನ ಕೊನೆಯ ಭಾಗ ತಪ್ಪು, ಅದನ್ನು ಆಧಾರವಾಗಿ ತೆಗೆದುಕೊಳ್ಳಬಾರದು ಎಂದೆ. ಇಡೀ ಕೊಠಡಿ ನನ್ನ ಕಡೆ ತಿರುಗಿತು. ವಿಚಾರಣಾಧಿಕಾರಿಗೆ ಸಿಟ್ಟು ಬಂದಿತ್ತು. ಅದು ನ್ಯಾಯವೂ ಆಗಿತ್ತು.

"ಏನ್ರೀ, ಅವತ್ತು ಬರೆದದ್ದು ಸುಳ್ಳೋ, ಇವತ್ತು ಹೇಳ್ತಿರೋದು ಸುಳ್ಳೋ?"

"ಕಂಡದ್ದು ನಿಜ ಸಾರ್. ಅದರ ಅರ್ಥ ಇದು ಅಂತ ಬರೆದದ್ದು ತಪ್ಪು."

ಕೋಡಿಯ ಮಟ್ಟ ಹಿಡಿದು ಬೇರೊಬ್ಬ ಭೂಮಾಪಕರಿಂದ ಮರು ಅಳತೆ ಮಾಡಿಸಬೇಕು, ಅಲ್ಲಿಯವರೆಗೆ ಗುರುತುಗಳನ್ನು ತೆಗೆಯಬೇಕು ಎಂದು ಆದೇಶವಾಯಿತು. ನನಗೆ ಕಾರಣ ಕೇಳಿ ನೋಟಿಸ್ ಬಂತು. ಅವತ್ತು ಹೊರಬರುವಾಗ ವರಾಂಡದಲ್ಲಿ ಮಂಜಣ್ಣ ನನ್ನ ಭುಜ ಮುಟ್ಟಿ, ಪೆನ್ಷನ್ ಹತ್ತಿರ ಬಂದಾಗ ಯಾಕೆ ಸಾರ್ ಸುಮ್ಮನೆ ಇದೆಲ್ಲ ಎಂದು ಮೆತ್ತಗೆ ಕೇಳಿದ. ಆ ಕೈ ತೆಗೆ ಎಂದೆ. ಹೊರಗೆ ಓಬಯ್ಯನ ಹತ್ತಿರ ಹೋದೆ. ಆತ ನನ್ನ ಮಾತು ಕೇಳಿಸಿಕೊಳ್ಳದೆ ಬಸ್ಸಿನ ಕಡೆ ನಡೆದ.

ಮರುದಿನ ನಾನೂ ತಿಪ್ಪೇಸ್ವಾಮಿಯೂ ಮೂವತ್ತನಾಲ್ಕು ಗೂಟಗಳನ್ನೂ ಕಿತ್ತೆವು. ಒಣಗಿದ ಮಣ್ಣು ಬಿಗಿಯಾಗಿ ಹಿಡಿದಿತ್ತು, ಅಂಗೈ ಸುಲಿಯಿತು. ಕಿತ್ತ ಗೂಟಗಳನ್ನು ಜೀಪಿಗೆ ತುಂಬಿದೆವು, ಒಂದು ಚಕ್ಕೆಯೂ ಉಳಿಯದಂತೆ ನೆಲವನ್ನು ಎರಡು ಸಲ ಹುಡುಕಿದೆವು. ಓಬಯ್ಯ ದೂರದಲ್ಲಿ ಕುಳಿತು ನೋಡುತ್ತಿದ್ದ. ನಾವು ಹಿಂದೆ ಸರಿದ ಮೇಲೆ ಬಂದು, ಒಂದು ತಂಬಿಗೆಯಿಂದ ಪ್ರತಿ ಗುಂಡಿಗೂ ಗಂಜಲ ಚಿಮುಕಿಸುತ್ತಾ ಹೋದ. ಇವತ್ತೇ ದನ ಬಿಡುತ್ತೀರಾ ಎಂದು ಕೇಳಿದೆ.

"ಇವತ್ತಿಲ್ಲ," ಎಂದ, ನನ್ನ ಕಡೆ ನೋಡದೆ. "ನೀವು ಹೋಗ್ರಿ ಮೊದ್ಲು."

ಮರು ಅಳತೆಯಲ್ಲಿ ಕೋಡಿಯ ಮಟ್ಟ ಆ ಹನ್ನೊಂದು ಎಕರೆಯನ್ನೂ ದಾಟಿ ಹೆದ್ದಾರಿಯ ಅಂಚಿಗೆ ಬಂತು. ಪೂರ್ತಿ ಜಾಗ ಜೌಗಿನೊಳಗೇ ಇತ್ತು. ಅರ್ಜಿ ವಜಾ ಆಯಿತು. ಕಂಪನಿ ನ್ಯಾಯಾಲಯಕ್ಕೆ ಹೋಯಿತು. ಅವರ ಕೈಯಲ್ಲಿರುವ ಮುಖ್ಯ ಕಾಗದ ನನ್ನ ಮೊದಲ ಮಹಜರು. ಅದನ್ನು ರದ್ದು ಮಾಡಲಾಗದು. ಅದರ ಪಕ್ಕಕ್ಕೆ ನನ್ನ ತಿದ್ದುಪಡಿ ಹೇಳಿಕೆಯನ್ನು ಲಗತ್ತಿಸಬಹುದು ಅಷ್ಟೇ.

ಈ ಕೆಲಸ ನನಗೆ ಕಲಿಸಿದ್ದನ್ನು ಹೊಸ ಭೂಮಾಪಕರು ಕೇಳಿದರೆ ಹೀಗೆ ಹೇಳುತ್ತೇನೆ. ಗೂಟ ಕಣ್ಣಿಗೆ ಕಾಣುತ್ತದೆ, ಗೊರಸಿನ ಗುರುತು ಕಾಣುತ್ತದೆ. ಒಪ್ಪಿಗೆ ಕಣ್ಣಿಗೆ ಕಾಣುವ ವಸ್ತುವಲ್ಲ. ಅದನ್ನು ಆ ಜನರ ಬಾಯಿಂದ, ಅವರಿರುವಲ್ಲಿಗೆ ಹೋಗಿ ಕೇಳದೆ ಕಾಗದಕ್ಕೆ ಇಳಿಸಬಾರದು.

ನಿವೃತ್ತನಾದ ಮೇಲೂ ಎರಡು ಬಾರಿ ಸಮನ್ಸ್ ಬಂದಿದೆ. ಕಳೆದ ಸಲ ಕಟಕಟೆಯಲ್ಲಿ ಕಂಪನಿಯ ವಕೀಲರು ಆ ಮಹಜರನ್ನು ನನ್ನ ಮುಂದೆ ಹಿಡಿದು, ಇದು ನಿಮ್ಮದೇ ಸಹಿಯೋ ಎಂದು ಕೇಳಿದರು. ಹೌದು ಎಂದೆ. ಸ್ವಇಚ್ಛೆಯಿಂದ ಮಾಡಿದ್ದೋ ಎಂದು ಕೇಳಿದರು. ಅದಕ್ಕೂ ಹೌದು ಎನ್ನಬೇಕಾಯಿತು. ಓಬಯ್ಯ ಹಿಂದಿನ ಬೆಂಚಿನಲ್ಲಿ ಕುಳಿತು ಎರಡೂ ಉತ್ತರಗಳನ್ನು ಕೇಳಿಸಿಕೊಂಡ.