ಕಟ್ಟಿಗೆ ಉಳಿಸಿದವಳು

ರಾಯಚೂರಿನ ಕಚೇರಿಯಲ್ಲಿ ನನಗೆ ಕೊಟ್ಟ ಆಯುಧ ಒಂದೇ: ಕೊಕ್ಕೆ ಇರುವ ಒಂದು ಸ್ಪ್ರಿಂಗ್ ತಕ್ಕಡಿ. ಎಂಬತ್ತರ ದಶಕದ ಮೊದಲ ವರ್ಷಗಳವು. ಹೊಗೆ ಉಗುಳದ, ಕಟ್ಟಿಗೆ ಕಡಿಮೆ ನುಂಗುವ ಒಲೆಯೊಂದನ್ನು ಕಂಡುಹಿಡಿಯಲು ಸರ್ಕಾರ ಹಣ ಕೊಟ್ಟಿತ್ತು. ಬಲ್ಲವರು ಒಲೆಯನ್ನು ಕಾಗದದ ಮೇಲೆ ಬರೆದಿದ್ದರು. ಅದನ್ನು ನಾಲ್ಕಾರು ಮನೆಗಳಲ್ಲಿ ಮಣ್ಣಿನಿಂದ ಕಟ್ಟಿಸಿ, ನಿಜಕ್ಕೂ ಕಟ್ಟಿಗೆ ಉಳಿಯುತ್ತದೆಯೋ ಇಲ್ಲವೋ ಎಂದು ತೂಗಿ ನೋಡುವವನು ನಾನು. ಹುದ್ದೆಯ ಹೆಸರು ಕ್ಷೇತ್ರ ಸಹಾಯಕ. ಆರ್ಡರು ಆರು ತಿಂಗಳದ್ದು, ಅದೂ ತಾತ್ಕಾಲಿಕ. ವಿಜ್ಞಾನ ಓದಿ ಕಟ್ಟಿಗೆ ತೂಗುವುದೇ ಎಂದು ಮೂಗು ಮುರಿಯುವ ಸ್ಥಿತಿಯಲ್ಲಿ ನಾನಿರಲಿಲ್ಲ. ಎರಡು ವರ್ಷ ಮನೆಯಲ್ಲಿ ಕೂತು ಉಂಡಿದ್ದೆ.

ನನ್ನನ್ನು ದೇವದುರ್ಗಕ್ಕೆ ಹಾಕಿದರು. ನಾನು ತುಮಕೂರಿನ ಕಡೆಯವನು. ಅಲ್ಲಿಯೂ ಕನ್ನಡ, ಇಲ್ಲಿಯೂ ಕನ್ನಡ ಎಂಬ ಧೈರ್ಯದಿಂದ ಹೋದೆ. ಮೊದಲ ದಿನವೇ ಚಹಾದಂಗಡಿಯಲ್ಲಿ "ಒಂದು ಟೀ ಇದೆಯಾ?" ಎಂದು ನಮ್ಮ ಕಡೆಯ ಮಾತಿನಲ್ಲಿ ಕೇಳಿ ನಗೆಪಾಟಲಾದೆ. ಅಂಗಡಿಯವ ಒಳ್ಳೆಯ ಮನುಷ್ಯ, ಮನೆಯಲ್ಲಿ ದಖನಿ ಉರ್ದು ಆಡುವವನು. ನನ್ನನ್ನು ಕಂಡಾಗಲೆಲ್ಲ "ಕ್ಯಾ ಸಾಬ್, ಆಜ್ ಕಿತ್ತಾ ಲಕಡಿ?" ಎಂದು ಆ ದಿನದ ಕಟ್ಟಿಗೆಯ ಲೆಕ್ಕ ಕೇಳುತ್ತಿದ್ದ. ಅಲ್ಲಿಂದ ಊರಿನವರಿಗೆಲ್ಲ ನಾನು 'ಕಟ್ಟಿಗಿ ಸಾಹೇಬ' ಆದೆ. ಆ ತಿಂಗಳುಗಳಲ್ಲಿ ನನ್ನನ್ನು ಹೆಸರು ಹಿಡಿದು ಕರೆದವರು ಒಬ್ಬರೂ ಇಲ್ಲ.

ಬೇರೆ ಊರಿನಲ್ಲಿ ಒಬ್ಬನೇ ಇರುವವನಿಗೆ ಭಾನುವಾರದಷ್ಟು ಉದ್ದದ ದಿನ ಇನ್ನೊಂದಿಲ್ಲ. ಬಟ್ಟೆ ಒಗೆದು ಹರವಿದರೆ ಆ ಬಿಸಿಲಿಗೆ ಅರ್ಧ ಗಂಟೆಯಲ್ಲಿ ಒಣಗಿಬಿಡುತ್ತಿದ್ದವು. ಮುಂದೆ ಮಾಡಲು ಏನೂ ಇರುತ್ತಿರಲಿಲ್ಲ. ಬಸ್ ನಿಲ್ದಾಣಕ್ಕೆ ಹೋಗಿ ರಾಯಚೂರಿನ ಬಸ್ಸಿನಿಂದ ಇಳಿಯುವವರನ್ನು ನೋಡುತ್ತ ನಿಲ್ಲುತ್ತಿದ್ದೆ. ನನಗಾಗಿ ಬರುವವರು ಯಾರೂ ಇಲ್ಲವೆಂದು ಗೊತ್ತಿದ್ದೂ ನಿಲ್ಲುತ್ತಿದ್ದೆ. ಒಂದು ಭಾನುವಾರ ಬೇಸರ ತಡೆಯಲಾರದೆ ಕೋಣೆಯಲ್ಲಿದ್ದುದನ್ನೆಲ್ಲ ತಕ್ಕಡಿಗೆ ಸಿಕ್ಕಿಸಿ ತೂಗಿದೆ. ತಲೆದಿಂಬು, ಚಪ್ಪಲಿ, ನೀರಿನ ತಂಬಿಗೆ, ಕೊನೆಗೆ ಮನೆಯಿಂದ ಬಂದ ಕಾಗದಗಳ ಕಟ್ಟು. ಕಾಗದಗಳಿಗೆ ತಕ್ಕಡಿಯ ಮುಳ್ಳು ಅಲುಗಲೂ ಇಲ್ಲ.

ಒಲೆಗೆಂದು ಆರಿಸಿದ ಮನೆಗಳು ಊರಂಚಿನ ಒಂದು ಓಣಿಯಲ್ಲಿದ್ದವು. ಎಲ್ಲರೂ ಕೂಲಿಯವರು. ಹತ್ತಿ ಬಿಡಿಸಲು, ಸೇಂಗಾ ಕೀಳಲು ಹೋಗುವವರು. ಓಣಿಗೆ ಹಿರಿಯಳು ಒಬ್ಬ ಮುದುಕಿ. ಸೊಸೆಯೊಂದಿಗೆ ಇದ್ದಳು, ಮಗ ರಾಯಚೂರಿನ ಅಕ್ಕಿ ಗಿರಣಿಯಲ್ಲಿ ಹಮಾಲಿ. ಓಣಿಯ ಹೆಂಗಸರು ಏನೇ ಮಾಡಲಿ, ಅವಳ ಮುಖ ನೋಡಿಯೇ ಮಾಡುತ್ತಿದ್ದರು. ಮೊದಲ ದಿನ ನಾನು ಬೆವರೊರೆಸಿಕೊಂಡು ಅವಳ ಕಟ್ಟೆಯ ಮೇಲೆ ಕೂತಾಗ, ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತಳು.

"ನಮ್ಮನ್ಯಾಗಿನ ನೀರು ಕುಡೀತೀಯೇನಪಾ?"

ಕೈಯೊಡ್ಡಿ ಇಸಿದುಕೊಂಡು ಗಟಗಟ ಕುಡಿದೆ. ಅವಳು ನಿಂತು ಪೂರ್ತಿ ನೋಡಿದಳು. ಮರುದಿನ ನೀರಿನ ಜೊತೆ ರೊಟ್ಟಿ ಬಂತು, ಪುಂಡಿ ಪಲ್ಯ ಬಂತು. "ತೂಗೂದು ಆಮ್ಯಾಗ. ಮೊದಲ ಉಣ್ಣು" ಎನ್ನುವುದು ಅವಳ ಕಾನೂನಾಯಿತು. ನಾನು ಮುದ್ದೆ ತಿಂದು ಬೆಳೆದವನು, ರೊಟ್ಟಿ ಮುರಿಯಲೂ ಬರುತ್ತಿರಲಿಲ್ಲ. "ಅಯ್ಯ, ಎರಡೂ ಕೈ ಹಚ್ಚಿ ಹರೀತಾನವ್ವಾ, ಅರಿವಿ ಹರದಂಗ!" ಎಂದು ಅತ್ತೆ ಸೊಸೆ ಇಬ್ಬರೂ ನಕ್ಕರು. ಅಂಥ ನಗೆ ನನಗೆ ಬೇಕಾಗಿತ್ತು.

ಕೆಲಸದ ರೀತಿ ಹೀಗೆ. ಮೊದಲ ವಾರ ಅವರ ಹಳೆಯ ಒಲೆಯಲ್ಲಿ ಎಷ್ಟು ಕಟ್ಟಿಗೆ ಹೋಗುತ್ತದೆಂದು ತೂಗುವುದು. ಆಮೇಲೆ ಹೊಸ ಒಲೆ ಕಟ್ಟಿ, ಹೊಗೆಗೆ ಕೊಳವೆ ಇಟ್ಟು ತಿಂಗಳೊಪ್ಪತ್ತು ಒಣಗಲು ಬಿಡುವುದು. ಮತ್ತೆ ಏಳು ದಿನ ತೂಗುವುದು. ಕಚೇರಿಯವರು ಕೊಟ್ಟ ಕಟ್ಟಿಗೆಯನ್ನು ಮುಂಜಾನೆ ತೂಗಿ, ಹೊರೆಗಳಿಗೆ ಕೆಂಪು ದಾರ ಕಟ್ಟಿ ಕೊಡುತ್ತಿದ್ದೆ. ಮರುದಿನ ಉಳಿದದ್ದನ್ನು ತೂಗಿ ನಮೂನೆಯಲ್ಲಿ ಬರೆಯುತ್ತಿದ್ದೆ. ಆ ನಮೂನೆಯ ಕೊನೆಯ ಕಾಲಂ 'ಷರಾ'. ವಿಶೇಷವೇನಾದರೂ ಕಂಡರೆ ಅಲ್ಲಿ ಬರೆಯಬೇಕು. ನಾನು ಯಾವಾಗಲೂ ಅಲ್ಲಿ ಒಂದು ಅಡ್ಡಗೆರೆ ಎಳೆಯುತ್ತಿದ್ದೆ.

ಹೊಸ ಒಲೆಯ ಮೊದಲ ದಿನ ಮುದುಕಿ ಕೇಳಿದಳು: "ಇದೇನಪಾ, ದಿನಾ ತೂಗಿ ತೂಗಿ ಬರಕೊಳ್ಳೂದು?"

"ಪರೀಕ್ಷೆ ಅಮ್ಮಾ. ಏಳು ದಿನದ ಪರೀಕ್ಷೆ. ಕಟ್ಟಿಗೆ ಉಳಿದರೆ ಪಾಸು."

"ಉಳೀಲಿಲ್ಲಂದ್ರ?"

"ಫೇಲು. ಆಮೇಲೆ ನನ್ನನ್ನೂ ಊರಿಗೆ ಕಳಿಸ್ತಾರೆ" ಎಂದು ನಕ್ಕೆ.

ಅವಳು ನಗಲಿಲ್ಲ. ಆ ಮಾತು ನನ್ನ ಬಾಯಿಂದಲೇ ಬಂದದ್ದು ಎಂಬುದನ್ನು ಇಷ್ಟು ವರ್ಷಗಳಾದರೂ ಮರೆಯಲು ಆಗಿಲ್ಲ.

ಮರುದಿನ ಅವಳ ಮನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕಟ್ಟಿಗೆ ಉಳಿದಿತ್ತು. ಅದರ ಮರುದಿನವೂ ಹಾಗೆಯೇ. ಮೂರನೆಯ ದಿನದಿಂದ ಓಣಿಯ ಉಳಿದ ಮನೆಗಳಲ್ಲೂ ಕಟ್ಟಿಗೆ ಉಳಿಯತೊಡಗಿತು. ನಾನು ಹಿಗ್ಗಿ ಹೀರೇಕಾಯಿಯಾದೆ. ರಾಯಚೂರಿಗೆ ಕಾಗದ ಬರೆದು ತಿಳಿಸಿದೆ. ಕೋಣೆಯಲ್ಲಿ ಒಬ್ಬನೇ ಕೂತು, ಆರ್ಡರು ಮುಂದುವರಿದರೆ ಅಂಗಡಿಯವನಿಗೂ ಮುದುಕಿಗೂ ಪೇಡೆ ತಂದು ಕೊಡಬೇಕೆಂದುಕೊಂಡೆ.

ಆರನೆಯ ದಿನ ಕಚೇರಿಯಿಂದ ಕರೆ ಬಂದಿತ್ತು, ಮೊದಲ ಬಸ್ಸಿಗೆ ರಾಯಚೂರಿಗೆ ಹೋಗಬೇಕಿತ್ತು. ಹಾಗಾಗಿ ದಿನದ ವೇಳೆಗಿಂತ ಎರಡು ತಾಸು ಮೊದಲೇ ಓಣಿಗೆ ಹೋದೆ. ಆಗತಾನೇ ಬೆಳಕು ಹರಿದಿತ್ತು. ಮುದುಕಿಯ ಮನೆಯ ಹಿಂದಿನಿಂದ ದಟ್ಟ ಹೊಗೆ ಏಳುತ್ತಿತ್ತು. ಬೆಂಕಿ ಇಲ್ಲದೆ ಹೊಗೆಯಾಡುವುದಿಲ್ಲ ಎಂಬ ಗಾದೆ ಗೊತ್ತಿದ್ದರೂ, ಬೆಂಕಿ ಯಾರದೆಂದು ನನಗೆ ಹೊಳೆಯಲಿಲ್ಲ. ಗೋಡೆ ಬಳಸಿ ಹಿತ್ತಲಿಗೆ ಹೋದೆ.

ಮೂರು ಕಲ್ಲು ಹೂಡಿ, ತೊಗರಿಕಟ್ಟಿಗೆ, ಬೆರಣಿ ತುರುಕಿ ಅವಳು ರೊಟ್ಟಿ ಬೇಯಿಸುತ್ತಿದ್ದಳು. ತೊಗರಿಕಟ್ಟಿಗೆ ಹಸಿಯದು. ಸೆರಗಿನಿಂದ ಕಣ್ಣೊರೆಸುವುದು, ಕೆಮ್ಮುವುದು, ಮತ್ತೆ ಬಗ್ಗಿ ಊದುವುದು. ನನ್ನನ್ನು ಕಂಡವಳೇ ಕದ್ದು ಸಿಕ್ಕಿಬಿದ್ದವಳ ಹಾಗೆ ಎದ್ದು ನಿಂತಳು.

"ನೀ ಯಾಕ ಇಷ್ಟ್ ಲಗೂನ ಬಂದಿ?"

"ಹೊಸ ಒಲೆ ಏನಾಯ್ತು ಅಮ್ಮಾ?"

ಅವಳು ಬಗ್ಗಿ ಹಂಚಿನ ಮೇಲಿನ ರೊಟ್ಟಿ ತಿರುವಿದಳು. ಒಳಗಿನಿಂದ ಬಂದ ಸೊಸೆ ಹೇಳಿದಳು: "ಆ ಒಲಿ ಬಾಯಿ ಸಣ್ಣದು ಅದರೀ ಸಾಹೇಬ್ರ. ಕೆಂಡ ಮುಂದಕ ಎಳೀಲಾಕ ಬರೂದಿಲ್ಲ. ಕೆಂಡದ ಮುಂದ ನಿಂದರಸಲಿಲ್ಲಂದ್ರ ಜೋಳದ ರೊಟ್ಟಿ ಬೇಯ್ತದೇನ್ರೀ? ಮೊದಲ್ನೇ ದಿನ ಮಾಡಿ ನೋಡಿದ್ವಿ. ಎರಡ ರೊಟ್ಟಿಗೆ ಒಂದು ಹೊರಿ ಕಟ್ಟಿಗಿ ನುಂಗಿ, ಆದ್ರೂ ರೊಟ್ಟಿ ಹಸೀನ ಉಳೀತು. ಮತ್ತ ನೀವು ಫೇಲ್ ಆಗ್ತೀರಂತಲ್ಲ? ಅತ್ತಿ ಓಣ್ಯಾಗೆಲ್ಲಾ ಹೇಳ್ಯಾಳ, 'ಆ ಹುಡುಗ ಊರು ಬಿಟ್ಟು ಒಬ್ಬನ ಬಂದಾನ, ಪಾಸಾಗಲಿ, ಒಂದು ವಾರ ಹಿತ್ತಲದಾಗ ಮಾಡ್ಕೋರಿ, ಅವನ ಕಟ್ಟಿಗಿ ಒಂದೀಟ ಅಷ್ಟ ಸುಡ್ರಿ' ಅಂತ."

ಒಲೆ ಬರೆದವರು ಅನ್ನ ಉಣ್ಣುವ ಜನ. ತೂಗುವವನು ಮುದ್ದೆ ತಿಂದವನು. ರೊಟ್ಟಿ ಹಂಚಿನ ಮೇಲೆ ಅರ್ಧ ಬೇಯುತ್ತದೆ, ಉಳಿದರ್ಧ ಕೆಂಡದ ಎದುರು ನಿಂತು ಬೇಯುತ್ತದೆ ಎಂಬುದು ನಮ್ಮ ಯಾವ ಕಾಗದದಲ್ಲೂ ಇರಲಿಲ್ಲ. ಎರಡು ತಿಂಗಳು ಅವಳ ರೊಟ್ಟಿ ಉಂಡರೂ ಅದು ಹೇಗೆ ಬೇಯುತ್ತದೆಂದು ನಾನು ಒಮ್ಮೆಯೂ ನೋಡಿರಲಿಲ್ಲ. ಒಲೆಯ ಬಾಯಿಯನ್ನು ನಾಲ್ಕು ಬೆರಳು ಅಗಲ ಮಾಡಿದ್ದರೂ ಸಾಕಿತ್ತೇನೋ. ಅದನ್ನು ಕಂಡುಕೊಳ್ಳಲೆಂದೇ ಪರೀಕ್ಷೆ ಇದ್ದದ್ದು.

ಬಸ್ಸಿನಲ್ಲಿ ನಮೂನೆಗಳನ್ನು ತೊಡೆಯ ಮೇಲಿಟ್ಟುಕೊಂಡು ಷರಾ ಕಾಲಮ್ಮನ್ನೇ ನೋಡುತ್ತ ಕೂತೆ. ಒಂದು ಸಾಲು ಸಾಕಿತ್ತು: 'ಅಡುಗೆ ಹೊಸ ಒಲೆಯಲ್ಲಿ ಆಗಿಲ್ಲ.' ಜೇಬಿನಿಂದ ಪೆನ್ನು ತೆಗೆದೆ. ರಸ್ತೆ ಕುಲುಕುತ್ತಿದೆ, ಅಕ್ಷರ ಕೆಡುತ್ತದೆ, ಕಚೇರಿಯಲ್ಲೇ ಬರೆದರಾಯಿತು ಎಂದು ಮತ್ತೆ ಒಳಗಿಟ್ಟೆ. ಕಳ್ಳನಿಗೊಂದು ಪಿಳ್ಳೆ ನೆವ.

ಕಚೇರಿಯಲ್ಲಿ ಸಾಹೇಬರು ನಮೂನೆಗಳನ್ನು ಒಂದೊಂದಾಗಿ ತಿರುವಿ ಹಾಕಿದರು. ಮುದುಕಿಯ ಮನೆಯ ಹಾಳೆಯ ಮೇಲೆ ಬೆರಳಿಟ್ಟು, "ಇಷ್ಟು ಚೆನ್ನಾಗಿ ಬೇರೆ ಯಾವ ಊರಲ್ಲೂ ಬಂದಿಲ್ಲ. ಭೇಷ್" ಎಂದರು. ನಾನು ಬಾಯಿ ತೆರೆದೆ. "ಸರ್..." ಎಂದೆ. "ಗೊತ್ತು, ಆರ್ಡರಿನ ವಿಷಯ ತಾನೇ? ಮುಂದುವರಿಸುತ್ತೇವೆ. ಕಾಯಂ ಮಾಡಲೂ ಬರೆಯುತ್ತೇನೆ" ಎಂದರು. ನಾನು ಬಾಯಿ ಮುಚ್ಚಿದೆ. ಓಣಿಗೆ ಮರಳಿ ಹೋಗಿ ತೂಗಿ, ಏಳನೆಯ ದಿನದ ಷರಾ ಕಾಲಮ್ಮಿನಲ್ಲೂ ಅಡ್ಡಗೆರೆಯನ್ನೇ ಎಳೆದೆ. ನಾನು ಹೇಡಿ. ಅದಕ್ಕೆ ಬೇರೆ ಹೆಸರಿಲ್ಲ.

ದೇವದುರ್ಗದಿಂದ ನನ್ನನ್ನು ರಾಯಚೂರಿಗೆ ಕರೆಸಿಕೊಂಡರು. ಹೊರಡುವ ದಿನ ಓಣಿಗೆ ಹೋಗಲಿಲ್ಲ. ಪೇಡೆಯನ್ನೂ ಕೊಡಲಿಲ್ಲ. ರಾಯಚೂರಿನಲ್ಲಿ ಸ್ಟೇಷನ್ ಹತ್ತಿರ ಕೋಣೆ ಸಿಕ್ಕಿತು. ರೈಲುಗಳ ಸದ್ದು, ಗಿರಣಿಗಳ ಸದ್ದು, ಸುತ್ತ ಎಷ್ಟೋ ಮಂದಿ. ಆದರೂ ದೇವದುರ್ಗದ ಭಾನುವಾರಗಳಲ್ಲಿ ಇಲ್ಲದ ಒಂದು ಒಂಟಿತನ ಅಲ್ಲಿ ಹತ್ತಿಕೊಂಡಿತು. ಯಾರೊಂದಿಗೂ ಹೇಳಿಕೊಳ್ಳಲಾಗದ ಒಂದು ಮಾತು ಒಳಗಿದ್ದರೆ ಮನುಷ್ಯ ಸಂತೆಯಲ್ಲೂ ಒಬ್ಬನೇ. ಹೋಟೆಲಿನಲ್ಲಿ ರೊಟ್ಟಿ ಬಡಿಸಿದರೆ ಅನ್ನ ಕೇಳುತ್ತಿದ್ದೆ.

ಎರಡು ವರ್ಷಕ್ಕೆ ಆ ಒಲೆ ಮಾನ್ವಿಯ ಒಂದು ಓಣಿಯಲ್ಲಿ ಸಾಲಾಗಿ ಕಟ್ಟಲ್ಪಟ್ಟಿತು. ಹೇಗಿವೆ ನೋಡಿ ಬಾ ಎಂದು ನನ್ನನ್ನೇ ಕಳಿಸಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಹಾಗೆ ಅರ್ಧಕ್ಕರ್ಧ ಒಲೆಗಳ ಬಾಯಿಯನ್ನು ಕೊಡಲಿಯ ಹಿಂಬದಿಯಿಂದ ಒಡೆದು ಹಾಕಿದ್ದರು. ಬಾಯಿ ಒಡೆದ ಒಲೆಯಲ್ಲಿ ಕೊಳವೆ ಹೊಗೆ ಎಳೆಯುತ್ತಿರಲಿಲ್ಲ, ಅದೆಲ್ಲ ಮನೆಯೊಳಗೇ ತುಂಬುತ್ತಿತ್ತು. ಒಂದು ಮನೆಯಲ್ಲಿ ಒಲೆಯೊಳಗೆ ಕೋಳಿ ಮೊಟ್ಟೆಯಿಟ್ಟು ಕಾವಿಗೆ ಕೂತಿತ್ತು. ಆ ಮನೆಯ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ಹೇಳಿದಳು: "ಈ ಒಲಿ ಕಂಡ್ಹಿಡದಾಂವ ರೊಟ್ಟಿ ಉಂಡಾಂವ ಅಲ್ಲ ಬಿಡ್ರಿ. ಅದಿರಲಿ, ಯಾರ ಮನ್ಯಾಗ ಪಾಸಾತ್ರೀ ಇದು?"

ಚೀಲ ಹೆಗಲಿಗೇರಿಸಿ ಹೊರಗೆ ಬಂದೆ. ಕಚೇರಿಗೆ ವಾಪಸು ಹೋಗುವ ಬದಲು ದೇವದುರ್ಗದ ಬಸ್ಸು ಹತ್ತಿದೆ. ಹೇಳಿಬಿಡಬೇಕು. ಉಂಡ ಮನೆಗೆ ಎರಡು ಬಗೆದೆ ತಾಯೀ ಎಂದು ಅವಳ ಮುಂದೆಯೇ ಹೇಳಿ, ಮರುದಿನ ಸಾಹೇಬರಿಗೂ ಬರೆದುಕೊಡಬೇಕು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಅವಳು ಕಟ್ಟೆಯ ಮೇಲೆ ಕೂತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನಾನು ಎದುರು ನಿಂತರೂ ಗುರುತು ಹತ್ತಲಿಲ್ಲ. "ಚೆನ್ನಾಗಿದ್ದೀರಾ ಅಮ್ಮಾ?" ಎಂದೆ. ನನ್ನ ಊರಿನ ಮಾತು ಕೇಳಿದ್ದೇ ಮುಖ ಅರಳಿತು.

"ಯಪ್ಪಾ, ನೀನಾ! ಪಾಸಾದ್ಯೇನಪಾ?"

ಜೋಡಿಸಿಕೊಂಡ ಮಾತೆಲ್ಲ ಎಲ್ಲಿ ಹೋಯಿತೋ. "ಪಾಸಾದೆ ಅಮ್ಮಾ. ಕಾಯಂ ಆಯ್ತು."

"ನಾ ಅಂದಿದ್ದಿಲ್ಲೇನು!" ಎಂದು ಒಳಗೆ ಸೊಸೆಗೆ ಕೂಗಿ ಹೇಳಿದಳು. ಗೋಡೆ ಹಿಡಿದು ನನ್ನನ್ನು ಒಳಗೆ ಕರೆದುಕೊಂಡು ಹೋದಳು. ಹೊಸ ಒಲೆ ಇದ್ದಲ್ಲೇ ಇತ್ತು. ಕೆಮ್ಮಣ್ಣು ಸಾರಿಸಿ ಸುಣ್ಣದ ಎಳೆ ಎಳೆದಿದ್ದರು. ಒಳಗೆ ಚಿಟಿಕೆ ಬೂದಿಯೂ ಇರಲಿಲ್ಲ. ಪಕ್ಕದಲ್ಲಿ ಕೆಂಪು ದಾರದ ಹೊರೆಗಳು, ನಾನು ಕಟ್ಟಿದ ಗಂಟುಗಳು ಹಾಗೆಯೇ ಇದ್ದವು.

"ಇದು ಸರ್ಕಾರದ್ದು, ಅದಕ ಮುಟ್ಟಿಲ್ಲ. ಇವತ್ತ ನಿನಗ ಚಾ ಮಾಡಾಕ ಹಚ್ಚತೀವಿ" ಎಂದಳು. ಸೊಸೆ ದಾರ ಬಿಚ್ಚಿ ಬೆಂಕಿ ಮಾಡಿದಳು. ಹೊಗೆ ಕೊಳವೆ ಹಿಡಿದು ಸರಾಗ ಮೇಲೆ ಹೋಯಿತು. ಚಹಾಕ್ಕೆ ಒಳ್ಳೆಯ ಒಲೆಯೇ ಅದು. ಮುದುಕಿ ಬೆಂಕಿಯ ಕಡೆ ಮುಖ ಮಾಡಿ ಕೂತಳು. ಆಮೇಲೆ ಏನೋ ನೆನಪಾದವಳ ಹಾಗೆ ಕೇಳಿದಳು.

"ನೀ ಪಾಸಾದಿ. ಒಲೀನೂ ಪಾಸಾತಿಲ್ಲೋ?"

"ಆಯ್ತು ಅಮ್ಮಾ. ಮಾನ್ವಿಯಲ್ಲೂ ಕಟ್ಟಿದ್ದಾರೆ."

"ಛಲೋ ಆತು ಬಿಡಪಾ. ಬಾಯಿ ಅಗಲ ಮಾಡಿರಬೇಕು, ಅಲ್ಲಿ ಹೆಣ್ಮಕ್ಕಳ ಕಣ್ಣಾದ್ರೂ ಉಳೀತಾವ."

ಸೊಸೆ ಚಹಾದ ಬಟ್ಟಲನ್ನು ನನ್ನ ಮುಂದೆ ಇಟ್ಟು, ನನ್ನ ಮುಖ ನೋಡದೆ ಹಿತ್ತಲಿಗೆ ಹೋದಳು. ಅಲ್ಲಿ ರೊಟ್ಟಿಯ ಹಂಚು ಕಾಯುತ್ತಿತ್ತು.